ಅವನ ಪೆಟ್ರೋಲು, ಅವಳ ಮೆಟ್ರೋ ಕಾರ್ಡು

ನಮ್ಮನೆ ಲೆಕ್ಕದ ಪುಸ್ತಕದಲ್ಲಿ ಮೊದಲೆಲ್ಲಾ 'ಬಸ್ ಚಾರ್ಜು' ಅಂತ ಒಂದೇ ಒಂದು ಸಾಲು ಇರ್ತಿತ್ತು. ಹಾಲು, ತರಕಾರಿ, ಗ್ಯಾಸು, ಕರೆಂಟು, ಚೀಟಿ ದುಡ್ಡು ಎಲ್ಲಾ ಬರೆದ ಮೇಲೆ ಕೊನೇಲಿ ಜಾಗ ಉಳಿದ್ರೆ ಅದು. ಈಗ ಎರಡು ವರ್ಷದಿಂದ ಅದಕ್ಕೇ ಒಂದು ಪೂರ್ತಿ ಪುಟ ಬಿಟ್ಟಿದೀನಿ. ಮೇಲೆ 'ಓಡಾಟ' ಅಂತ ಬರೆದು ಗೆರೆ ಎಳೆದು, ಮನೇಲಿರೋ ನಾಲ್ಕು ಜನಕ್ಕೂ ನಾಲ್ಕು ಕಾಲಂ. ಪಿಯುಸಿ ಕಾಮರ್ಸ್ ಓದಿದ್ದು ಇಷ್ಟಕ್ಕಾದ್ರೂ ಬಂತಲ್ಲ ಅಂತ ನಮ್ಮನೆಯವರು ತಮಾಷೆ ಮಾಡ್ತಾರೆ. ಮಾಡ್ಲಿ ಬಿಡಿ. ಈ ಪುಟ ಇಲ್ಲದಿದ್ರೆ ಈ ವರ್ಷ ನಮ್ಮ ಮಗಳು ಕೆಲಸ ಬಿಟ್ಟು ಮನೇಲಿ ಕೂತಿರ್ತಿದ್ಳು.

ನಾನು ಮದುವೆಯಾಗಿ ತುಮಕೂರು ಕಡೆಯಿಂದ ಬಾಗಲಗುಂಟೆಗೆ ಬಂದಿದ್ದು 1993ರಲ್ಲಿ. ಆಗ ಇದು ಬೆಂಗಳೂರು ಅನ್ನೋದು ನಮ್ಮೂರೋರ ಹತ್ರ ಹೇಳಿಕೊಳ್ಳೋಕೆ ಮಾತ್ರ. ಇಲ್ಲಿನೋರು ಮೆಜೆಸ್ಟಿಕ್ಕಿಗೆ ಹೊರಟ್ರೆ "ಬೆಂಗ್ಳೂರಿಗೆ ಹೋಗ್ಬರ್ತೀನಿ" ಅಂತಲೇ ಹೇಳ್ತಿದ್ರು. ದಾಸರಹಳ್ಳಿ ನಗರಸಭೆ ಅಂತ ಇದ್ದದ್ದು ಬೃಹತ್ ಬೆಂಗಳೂರಿಗೆ ಸೇರಿದ್ದೇ 2007ರಲ್ಲಿ. ನಮ್ಮನೆಯವರು ಪೀಣ್ಯದಲ್ಲಿ ಮಿಷನ್ ಶಾಪ್ ಕೆಲಸ, ಸೈಕಲ್ಲಿನಲ್ಲಿ ಹೋಗ್ತಿದ್ರು, ಸೈಕಲ್ಲಿನಲ್ಲೇ ಬರ್ತಿದ್ರು. ಮಕ್ಕಳ ಸ್ಕೂಲು ನಡೆಯೋ ದೂರ. ನಾನು ಹೊರಗೆ ಹೋಗ್ತಿದ್ದದ್ದು ವರ್ಷಕ್ಕೆ ಎರಡು ಸಲ ತವರಿಗೆ, ಒಂದ್ಸಲ ಚಿಕ್ಕಪೇಟೆಗೆ ಸೀರೆಗೆ. ಆಗ ಓಡಾಟಕ್ಕೆ ಅಂತ ದುಡ್ಡು ಎತ್ತಿಡೋದು ಯಾರಿಗೆ ಗೊತ್ತಿತ್ತು? ಸಾಸಿವೆ ಡಬ್ಬೀಲಿ ಇದ್ದ ಚಿಲ್ಲರೆನೇ ಸಾಕಾಗ್ತಿತ್ತು.

2015ರ ಮೇ 1ನೇ ತಾರೀಕು ಪೀಣ್ಯದಿಂದ ನಾಗಸಂದ್ರದವರೆಗೂ ಮೆಟ್ರೋ ಬಂತು. ಎರಡು ವರ್ಷ ಆದ ಮೇಲೆ, 2017ರ ಜೂನ್‌ನಲ್ಲಿ, ಅದೇ ಹಸಿರು ಲೈನು ಮೆಜೆಸ್ಟಿಕ್ ದಾಟಿ ಜಯನಗರ, ಯಲಚೇನಹಳ್ಳಿವರೆಗೂ ಓಡೋಕೆ ಶುರುವಾಯ್ತು. 2024ರ ನವೆಂಬರಿನಲ್ಲಿ ಈ ಕಡೆ ಮಾದಾವರಕ್ಕೂ ಹೋಯ್ತು. ನಮ್ಮಂಥ ಕಡೇ ಊರಿನೋರಿಗೆ ಇದು ಎಷ್ಟು ದೊಡ್ಡದು ಅಂತ ಊರೊಳಗೆ ಇರೋರಿಗೆ ಅರ್ಥ ಆಗಲ್ಲ. ತುಮಕೂರು ರೋಡಿನಲ್ಲಿ ಜಾಲಹಳ್ಳಿ ಕ್ರಾಸಿಂದ ಗೊರಗುಂಟೆಪಾಳ್ಯದ ತನಕ ಒಂದ್ಸಲ ಸಂಜೆ ಹೊತ್ತು ಬಸ್ಸಿನಲ್ಲಿ ನಿಂತುಕೊಂಡು ಬನ್ನಿ, ಆಮೇಲೆ ಮಾತಾಡೋಣ. ಮಗಳು ಬಿಕಾಂ ಮುಗಿಸಿ ಬಸವನಗುಡಿ ಕಡೆ ಒಬ್ಬ ಆಡಿಟರ್ ಆಫೀಸಿಗೆ ಸೇರೋಕೆ ಧೈರ್ಯ ಮಾಡಿದ್ದೇ ಮೆಟ್ರೋ ಇದೆ ಅಂತ. ದಾಸರಹಳ್ಳಿ ಸ್ಟೇಷನ್ನಿನಲ್ಲಿ ಹತ್ತಿದ್ರೆ ಸೌತ್ ಎಂಡ್ ಸರ್ಕಲ್‌ನಲ್ಲಿ ಇಳಿಯೋದು. ನಡುವೆ ಎಲ್ಲೂ ಬದಲಾಯಿಸೋ ಹಾಗಿಲ್ಲ.

ಆಮೇಲೆ ಈ 2025 ಬಂತು ನೋಡಿ. ಜನವರಿ 5ಕ್ಕೆ ಬಸ್ ಚಾರ್ಜು ನೂರಕ್ಕೆ 15 ಏರಿತು. ಫೆಬ್ರವರಿ 9ಕ್ಕೆ ಮೆಟ್ರೋ ಏರಿತು, ಅದೂ 2017ರಿಂದ ಮುಟ್ಟದೆ ಬಿಟ್ಟಿದ್ದನ್ನೆಲ್ಲಾ ಸೇರಿಸಿ ಒಂದೇ ಏಟಿಗೆ. ಜಾಸ್ತಿ ಅಂದ್ರೆ 60 ಇದ್ದದ್ದು 90 ಆಯ್ತು. ಕೆಲವು ಸ್ಟೇಷನ್ನುಗಳಿಗೆ ದುಪ್ಪಟ್ಟಾಗಿ ಜನ ಗಲಾಟೆ ಮಾಡಿದ ಮೇಲೆ, 14ನೇ ತಾರೀಕಿಂದ ಯಾವುದೂ ನೂರಕ್ಕೆ 71ಕ್ಕಿಂತ ಜಾಸ್ತಿ ಏರದ ಹಾಗೆ ಇಳಿಸಿದ್ರು. ಏಪ್ರಿಲ್ 1ಕ್ಕೆ ಹಾಲು ಲೀಟರಿಗೆ 4 ರೂಪಾಯಿ (ಇದು ಓಡಾಟ ಅಲ್ಲ, ಆದ್ರೂ ಹೊಟ್ಟೆ ಉರೀತು, ಬರೆದೆ). ಆಗಸ್ಟ್ 1ಕ್ಕೆ ಆಟೋ.

ಆಟೋ ಲೆಕ್ಕ ಮಾತ್ರ ಸುಲಭ, ಎಲ್ಲಾ ಹೆಣ್ಣುಮಕ್ಕಳೂ ಬಾಯಿಪಾಠ ಮಾಡ್ಕೊಳ್ಳಿ. ಮೊದಲ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಅಂದ್ರೆ 2 ಕಿಲೋಮೀಟರ್ ದಾಟಿದ ಮೇಲೆ ಎಷ್ಟು ದೂರ ಇದ್ರೂ 18ರಿಂದ ಗುಣಿಸಿದ್ರೆ ಸಾಕು. 5 ಕಿಲೋಮೀಟರ್ ಇದ್ರೆ 90, 8 ಇದ್ರೆ 144. ರಾತ್ರಿ 10ರಿಂದ ಬೆಳಗಿನ ಜಾವ 5ರವರೆಗೆ ಒಂದೂವರೆ ಪಟ್ಟು. ಮೀಟರ್ ಹಾಕಲ್ಲ ಅಂತ ನಂಗೂ ಗೊತ್ತು ಕಣ್ರೀ. ನಮ್ಮನೆಯವರಿಗೆ ಮೊನ್ನೆ ಎದೆ ಹಿಡ್ಕೊಂಡ ಹಾಗಾಗಿ ಯಶವಂತಪುರದ ಕಡೆ ಆಸ್ಪತ್ರೆಗೆ ಓಡಿದಾಗ ಮೊಬೈಲಿನಲ್ಲಿ ತೋರಿಸಿದ್ದು 228. (ಏನೂ ಇಲ್ಲ, ಗ್ಯಾಸ್ಟ್ರಿಕ್ ಅಂದ್ರು. ಹುರುಳಿಕಾಳು ಸಾರು ರಾತ್ರಿ ಹೊತ್ತು ಬೇಡ ಅಂದ್ರೆ ಕೇಳಲ್ಲ.) ಅಂಥ ಹೊತ್ತಲ್ಲಿ ಯಾರೂ ಗುಣಾಕಾರ ಮಾಡಲ್ಲ. ಆದ್ರೆ ವಾಪಸ್ ಬರೋವಾಗ ಮಾಡಬಹುದು, ನಾನು ಮಾಡ್ದೆ, 160ಕ್ಕೆ ಬಂದ್ವಿ.

ಈಗ ಮಗಳ ವಿಷಯ. ಅವಳ ಸ್ಟೇಷನ್ನಿಗೆ ಒಂದು ಕಡೆಗೆ 70. ಹೋಗಿ ಬರೋಕೆ 140. ತಿಂಗಳಿಗೆ 26 ದಿವಸ ಅಂದ್ರೆ 3,640. ಸ್ಮಾರ್ಟ್ ಕಾರ್ಡಿಗೆ ನೂರಕ್ಕೆ 5 ಬಿಡ್ತಾರೆ, ಅಲ್ಲಿಗೆ 66 ರೂಪಾಯಿ 50 ಪೈಸೆ. ಬೆಳಿಗ್ಗೆ 8 ಗಂಟೆ ಒಳಗೆ ಹೊರಟ್ರೆ ಇನ್ನೂ 5 ಬಿಟ್ಟು 63 ಆಗುತ್ತೆ. ಮಧ್ಯಾಹ್ನ 12ರಿಂದ 4, ರಾತ್ರಿ 9ರ ಮೇಲೂ ಹಾಗೇ. ಅದಕ್ಕೇ ಅವಳು 7 ಗಂಟೆ 40ಕ್ಕೆಲ್ಲಾ ಸ್ಟೇಷನ್ನಿನಲ್ಲಿ ಇರೋ ಹಾಗೆ ಮನೆ ಬಿಡ್ತಾಳೆ. ದಿನಕ್ಕೆ ಮೂರೂವರೆ ರೂಪಾಯಿ ಉಳಿಸೋಕೆ ನಾನು ಅರ್ಧ ಗಂಟೆ ಮುಂಚೆ ಎದ್ದು ಒಲೆ ಹಚ್ಚಬೇಕು! ತಿಂಗಳಿಗೆ 91 ರೂಪಾಯಿ. ಅವಳಿಗೂ ರಶ್ ಇಲ್ಲದೆ ಕೂರೋಕೆ ಸೀಟು ಸಿಗುತ್ತೆ ಅಂತ ನಾನು ಸುಮ್ನಿದೀನಿ. ಬೆಳಿಗ್ಗೆ ಮನೆಯಿಂದ ಸ್ಟೇಷನ್ನಿಗೆ ನಡೆದೇ ಹೋಗ್ತಾಳೆ, ಸಂಜೆ ಶೇರ್ ಆಟೋ 15. ಒಟ್ಟು ಸೇರಿಸಿದ್ರೆ ತಿಂಗಳಿಗೆ 3,757. ಅವಳ ಸಂಬಳ 19,000.

ಈ ಲೆಕ್ಕ ಕೇಳಿದ ದಿವಸ ನಮ್ಮನೆಯವರು ಊಟದ ತಟ್ಟೆ ಮುಂದೆ ಕೈ ತೊಳೆಯದೆ ಕೂತ್ಕೊಂಡು, "ಐದರಲ್ಲಿ ಒಂದು ಪಾಲು ರೈಲಿಗೇ ಕೊಡೋದಾದ್ರೆ ಯಾವ ಸೌಭಾಗ್ಯಕ್ಕೆ ಅಷ್ಟು ದೂರ ಹೋಗ್ಬೇಕು? ಇಲ್ಲೇ ಪೀಣ್ಯದಲ್ಲಿ ಯಾವುದಾದ್ರೂ ಫ್ಯಾಕ್ಟ್ರಿ ಆಫೀಸಿನಲ್ಲಿ ನೋಡ್ಕೊಳ್ಲಿ. ಇಲ್ಲಾಂದ್ರೆ ಮನೇಲಿರ್ಲಿ, ಹೇಗೂ ಗಂಡು ನೋಡ್ತಿದೀವಿ" ಅಂದ್ರು. ಅವರೇನು ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ. ರಿಟೈರ್ ಆಗಿ ಪಿಎಫ್ ಪೆನ್ಷನ್ ಮೂರು ಸಾವಿರದ ಹತ್ರ ಬರೋ ಮನುಷ್ಯನಿಗೆ 3,757 ಅಂದ್ರೆ ತನ್ನ ಇಡೀ ಪೆನ್ಷನ್ನೇ ಕಿಟಕಿ ಆಚೆ ಹೋದ ಹಾಗೆ ಕಾಣುತ್ತೆ. ಮಗಳು ಏನೂ ಮಾತಾಡ್ಲಿಲ್ಲ. ಮಾರನೇ ದಿವಸ ಬೆಳಿಗ್ಗೆ 6 ಗಂಟೆಗೇ ಎದ್ದು, "ಅಮ್ಮ, ಇವತ್ತಿಂದ ಬಸ್ಸಲ್ಲೇ ಹೋಗ್ತೀನಿ, ಫ್ರೀ ಇದೆಯಲ್ಲ" ಅಂತ ಹೊರಟುಬಿಟ್ಳು.

ಫ್ರೀ ಬಸ್ಸನ್ನ ನಾನು ತೆಗಳೋಳಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ತಿಂಗಳಿಗೊಂದು ಸಲ ತವರಿಗೆ ಹೋಗಿ ನಮ್ಮವ್ವನ್ನ ನೋಡ್ಕೊಂಡು ಬರ್ತೀನಿ. ಎಂಬತ್ತು ದಾಟಿರೋ ಜೀವ. ಮೊದಲು ಹಬ್ಬಕ್ಕೆ ಮಾತ್ರ ಹೋಗ್ತಿದ್ದೆ, ಯಾಕೆ ಬರ್ಲಿಲ್ಲ ಅಂದ್ರೆ ಮಕ್ಕಳ ಪರೀಕ್ಷೆ ಅಂತ ನೆಪ ಹೇಳ್ತಿದ್ದೆ. ನಿಜವಾದ ಕಾರಣ ಬಸ್ಸಿನ ದುಡ್ಡು ಅಂತ ಅವ್ವನಿಗೂ ಗೊತ್ತಿತ್ತು. ಈಗ ಎಂಟನೇ ಮೈಲಿಯಲ್ಲಿ ತುಮಕೂರು ಬಸ್ಸು ಹತ್ತಿ ಆಧಾರ್ ತೋರಿಸಿದ್ರೆ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡ್ತಾರೆ. "ಈ ತಿಂಗ್ಳೂ ಬಂದ್ಯಾ, ಯಾಕೆ ಗಂಡನ್ ತಾವ ಜಗಳ ಗಿಗಳ ಐತೇನವ್ವ?" ಅಂತ ಅವ್ವ ಶುರುವಿನಲ್ಲಿ ಗಾಬರಿಯಾಗಿದ್ಳು. ನಮ್ಮನೆಯವರಿಗೆ ಟಿಕೆಟ್ ಇರೋದ್ರಿಂದ ಅವರು ಬರೋದು ಕಮ್ಮಿ. ಅತ್ತೆ ಮನೆ ರಾಗಿ, ತೆಂಗಿನಕಾಯಿ ಮಾತ್ರ ಬರುತ್ತೆ.

ಆದ್ರೆ ದಿನಾ ದುಡಿಯೋ ಹುಡುಗಿಗೆ ಬಸ್ಸಿನ ಲೆಕ್ಕ ಬೇರೆ. ಅವಳು ಹತ್ತು ದಿವಸ ಬಸ್ಸಿನಲ್ಲಿ ಓಡಾಡಿದ್ಳು. ಟ್ರಾಫಿಕ್ಕು, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸೋದು ಎಲ್ಲಾ ಸೇರಿ ಒಂದು ಕಡೆಗೆ ಎರಡು ಗಂಟೆ. ಮೆಟ್ರೋದಲ್ಲಿ ಮನೆ ಬಾಗಿಲಿಂದ ಆಫೀಸಿನ ಬಾಗಿಲಿಗೆ 50 ನಿಮಿಷದ ಹೆಚ್ಚುಕಮ್ಮಿ. ರಾತ್ರಿ ಎಂಟೂವರೆಗೆ ಬಂದು ಚಪ್ಪಲಿ ಬಿಡೋವಾಗ ಗೋಡೆ ಹಿಡ್ಕೊಳ್ಳೋಳು. ಹನ್ನೊಂದನೇ ದಿವಸ "ಅಪ್ಪ ಹೇಳಿದ್ದೇ ಸರಿ ಏನೋ" ಅಂದ್ಳು. ಆ ಮಾತು ಕೇಳಿ ನಂಗೆ ಎದೆ ಧಸಕ್ ಅಂತು. ಈ ಮಾತನ್ನ 1990ರಲ್ಲಿ ನಾನೂ ಹೇಳಿದ್ದೆ. ಡಿಗ್ರಿಗೆ ತುಮಕೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬರೋ ದುಡ್ಡು ಯಾರು ಕೊಡ್ತಾರೆ ಅಂತ ನಮ್ಮಪ್ಪ ಕೇಳಿದಾಗ.

ಅವತ್ತು ರಾತ್ರಿ ಪುಸ್ತಕ ತೆಗೆದು ಕೂತೆ. ದಿನಕ್ಕೆ 140 ನಿಮಿಷ ಮೆಟ್ರೋ ಉಳಿಸುತ್ತೆ. 26 ದಿವಸಕ್ಕೆ 60 ಗಂಟೆ. ಕಾರ್ಡಿನ ಖರ್ಚು 3,367ನ್ನ 60ರಿಂದ ಭಾಗಿಸಿದ್ರೆ ಒಂದು ಗಂಟೆಗೆ 56 ರೂಪಾಯಿ. ಅವಳ ಸಂಬಳ ಗಂಟೆಗೆ ಎಷ್ಟು ಬೀಳುತ್ತೆ? 26 ದಿವಸ, ದಿನಕ್ಕೆ 8 ಗಂಟೆ, 208 ಗಂಟೆ, ಹತ್ರ ಹತ್ರ 91. ಅಂದ್ರೆ 91 ರೂಪಾಯಿ ಬಾಳೋ ಗಂಟೆನ 56 ಕೊಟ್ಟು ವಾಪಸ್ ತಗೊಳ್ತಿದಾಳೆ. ಪೀಣ್ಯದಲ್ಲಿ ವಿಚಾರಿಸಿದ ಕೆಲಸಕ್ಕೆ 13,000 ಹೇಳಿದ್ರು. 19,000ದಲ್ಲಿ ಓಡಾಟ ಕಳೆದ್ರೂ 15,243 ಉಳಿಯುತ್ತೆ. ಜೊತೆಗೆ ಅಲ್ಲಿ ಜಿಎಸ್‌ಟಿ ರಿಟರ್ನು, ಆಡಿಟ್ಟು ಅಂತ ಕಲೀತಿದಾಳೆ, ಇಲ್ಲಿ ಬಿಲ್ಲು ಬರೆಯೋದೊಂದೇ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದ್ರೆ ಪಕ್ಕದ ಕಾಲಂ ಕಣ್ಣಿಗೆ ಬಿತ್ತು. ಮಗಂದು. ಅವನು ನೆಲಮಂಗಲದ ಕಡೆ ಬೈಕಿನಲ್ಲಿ ಹೋಗಿಬರ್ತಾನೆ, ದಿನಕ್ಕೆ 30 ಕಿಲೋಮೀಟರು. ಲೀಟರಿಗೆ 45 ಕೊಟ್ರೂ ತಿಂಗಳಿಗೆ 17-18 ಲೀಟರು, ಪೆಟ್ರೋಲು 102ರ ಮೇಲಿದೆ, ಅಲ್ಲಿಗೆ 1,800. ನಾವೆಲ್ಲಾ ಅವನ ಓಡಾಟ ಅಂದ್ರೆ ಇಷ್ಟೇ ಅಂತ ಲೆಕ್ಕ ಹಾಕ್ತಿದ್ವಿ. ಬೈಕಿನ ಕಂತು 3,100 'ಸಾಲ' ಅನ್ನೋ ಪುಟದಲ್ಲಿ ಇತ್ತು. ಸರ್ವೀಸು, ಇನ್ಶೂರೆನ್ಸು ತಿಂಗಳಿಗೆ ಹಂಚಿದ್ರೆ 400, ಅದು 'ಇತರೆ'ಯಲ್ಲಿ. ಮೂರನ್ನೂ ಒಂದೇ ಕಡೆ ತಂದೆ. 5,300! ಮಗಳಿಗಿಂತ ಒಂದೂವರೆ ಸಾವಿರ ಜಾಸ್ತಿ.

ಬೆಳಿಗ್ಗೆ ಕಾಫಿ ಜೊತೆ ಪುಸ್ತಕನೂ ನಮ್ಮನೆಯವರ ಮುಂದೆ ಇಟ್ಟೆ. ಕನ್ನಡಕ ಹಾಕ್ಕೊಂಡು ಎರಡು ಸಲ ಕೂಡಿದ್ರು. ಮಗನ ಕಡೆ ನೋಡಿದ್ರು. ಅವನು "ಗಾಡಿ ಇಲ್ದೆ ಹೆಂಗಪ್ಪ ಹೋಗ್ಲಿ, ಆ ಕಡೆ ಶಿಫ್ಟ್ ಟೈಮಿಗೆ ಬಸ್ಸಿಲ್ಲ" ಅಂದ. ನಿಜಾನೇ. ಗಾಡಿ ಬಿಡು ಅಂತ ನಾನೂ ಹೇಳ್ಲಿಲ್ಲ. "ಅವನಿಗೆ ಹೆಂಗೆ ಗಾಡಿ ಬೇಕೋ ಇವಳಿಗೆ ಹಂಗೆ ಕಾರ್ಡು ಬೇಕು. ಅವಂದು ಕೇಳದೇ ಇರೋರು ಇವಳದ್ದೂ ಕೇಳ್ಬೇಡಿ" ಅಂದೆ ಅಷ್ಟೇ. ಅವರು ಕಾಫಿ ಕುಡಿದು ಎದ್ದು ಹೋದ್ರು. ಸಂಜೆ ದಾಸರಹಳ್ಳಿಗೆ ಹೋಗಿ ಅವರೇ ಅವಳ ಕಾರ್ಡಿಗೆ 500 ಹಾಕಿಸ್ಕೊಂಡು ಬಂದಿದ್ರು. ಆ ಕಾರ್ಡಿನಲ್ಲಿ ಕಮ್ಮಿ ಅಂದ್ರೂ 90 ಉಳಿದಿರಬೇಕು, ಆ 90 ಸತ್ತ ದುಡ್ಡು ಅಂತ ಅದಕ್ಕೊಂದು ಗೊಣಗಾಟ ಬೇರೆ.

ನನ್ನ ತಂಗಿ ಮಗಳು ಮದುವೆಯಾಗಿ ಗಂಡನ ಕಂಪ್ಯೂಟರ್ ಕೆಲಸದ ಮೇಲೆ ಬ್ರೆಜಿಲ್ ದೇಶದ ಸಾವೊ ಪಾಲೊ ಊರಲ್ಲಿದಾಳೆ. ನಮಗಿಂತ ಎಂಟೂವರೆ ಗಂಟೆ ಹಿಂದೆ ಅವರ ಗಡಿಯಾರ. ನಾನು ಸಂಜೆ ದೀಪ ಹಚ್ಚೋ ಹೊತ್ತಿಗೆ ಅವಳದ್ದು ತಿಂಡಿ ಆಗಿರುತ್ತೆ, ಆಗ ಫೋನ್ ಮಾಡ್ತಾಳೆ. ಈ ಕಥೆ ಹೇಳಿದ್ದಕ್ಕೆ, "ದೊಡ್ಡಮ್ಮ, ಇಲ್ಲೂ ಇದೇ ಪುರಾಣ. ನಿಮ್ಮಲ್ಲಿ ಬಸ್ ಏರಿದ ಮಾರನೇ ದಿವಸವೇ ಇಲ್ಲೂ ಏರಿತು" ಅಂದ್ಳು. ಜನವರಿ 6ಕ್ಕೆ ಅವರ ಬಸ್ಸು 4 ರಿಯಾಲ್ 40 ಇದ್ದದ್ದು 5 ರಿಯಾಲ್ ಆಯ್ತಂತೆ. ನಮ್ಮ ದುಡ್ಡಲ್ಲಿ 75 ರೂಪಾಯಿ ಮೇಲೇ. ಒಂದು ಸ್ಟಾಪ್ ಹೋದ್ರೂ ಅಷ್ಟೇ, ಊರಿನ ಆ ತುದಿಗೆ ಹೋದ್ರೂ ಅಷ್ಟೇ. ಬಸ್ಸಿನೊಳಗೇ ತಿರುಗೋ ಕಂಬಿ ಇರುತ್ತಂತೆ, ಕಾರ್ಡ್ ತೋರಿಸಿದ್ರೆ ಅದು ತಿರುಗಿ ಒಳಗೆ ಬಿಡುತ್ತೆ. ತರಕಾರಿ ಚೀಲ, ಮಗು ಎತ್ತಿಕೊಂಡು ಅದರಲ್ಲಿ ನುಸುಳೋದು ಒಂದು ಸರ್ಕಸ್ಸು ಅಂತಾಳೆ. ಅದೇ ಕಾರ್ಡಿನಲ್ಲಿ ಮೂರು ಗಂಟೆ ಒಳಗೆ ನಾಲ್ಕು ಬಸ್ಸು ಬದಲಾಯಿಸಿದ್ರೂ ಒಂದೇ ಚಾರ್ಜು. ಇಲ್ಲಿ ಗಂಡಸರು ಬಸ್ಸು ಬದಲಾಯಿಸಿದಾಗೆಲ್ಲಾ ಹೊಸ ಟಿಕೆಟ್ಟು, ಇಲ್ಲಾ ದಿನದ ಪಾಸು 80. ಭಾನುವಾರ ಅಲ್ಲಿ ಬಸ್ಸು ಎಲ್ಲರಿಗೂ ಪುಕ್ಕಟೆ, 2023ರ ಡಿಸೆಂಬರಿಂದ. ಅದಕ್ಕೇ ಅವಳ ಸಂತೆ, ದೇವಸ್ಥಾನ, ಗೆಳತೀರ ಮನೆ ಎಲ್ಲಾ ಭಾನುವಾರವೇ. ಬಾಗಲಗುಂಟೆಯಲ್ಲಿ ಹುಟ್ಟಿ ಬೆಳೆದ ಹುಡುಗಿ, ಎಲ್ಲಿ ಬಿಟ್ರೂ ಬದುಕ್ತಾಳೆ.

ಅಲ್ಲಿ 2013ರಲ್ಲಿ 3 ರಿಯಾಲ್ ಇದ್ದ ಚಾರ್ಜಿಗೆ 20 ಪೈಸೆ (ಅವರ ಪೈಸೆ) ಏರಿಸಿದ್ದಕ್ಕೆ ಜನ ಬೀದಿಗೆ ಇಳಿದು, ಕೊನೆಗೆ ಸರ್ಕಾರ ವಾಪಸ್ ತಗೊಂಡಿತಂತೆ. ಚಿಲಿ ಅಂತ ಇನ್ನೊಂದು ದೇಶ, ಅಲ್ಲಿ 2019ರ ಅಕ್ಟೋಬರಿನಲ್ಲಿ ಮೆಟ್ರೋಗೆ 30 ಪೆಸೊ ಏರಿಸಿದ್ದಕ್ಕೆ ಇಡೀ ದೇಶವೇ ಹೊತ್ತಿಕೊಂಡಿತು. ಟೀವೀಲಿ ನೋಡಿದ ನೆನಪಿದೆ, ಆಗ ಇಷ್ಟಕ್ಕೆಲ್ಲಾ ಇಷ್ಟಾ ಅನ್ನಿಸಿತ್ತು. ಈಗ ಹಾಗೆ ಅನ್ಸಲ್ಲ. ದಿನಾ ಎರಡು ಹೊತ್ತು ಕೊಡೋ ದುಡ್ಡು ಅದು. ಬಂಗಾರದ ಬೆಲೆ ಏರಿದ್ರೆ ಕೊಳ್ಳದೇ ಇರಬಹುದು, ಕೆಲಸಕ್ಕೆ ಹೋಗದೇ ಇರೋಕಾಗುತ್ತಾ?

ಅವಳು ಹೇಳಿದ್ರಲ್ಲಿ ನನಗೆ ತಲೇಲಿ ಕೂತಿದ್ದು ಬೇರೆಯದೇ. ಬ್ರೆಜಿಲ್‌ನಲ್ಲಿ 1985ರಿಂದ ಒಂದು ಕಾನೂನಿದೆ. ಕೆಲಸಕ್ಕೆ ಹೋಗಿಬರೋ ಬಸ್ಸು ರೈಲಿನ ಖರ್ಚಿಗೆ ಮೂಲ ಸಂಬಳದಲ್ಲಿ ನೂರಕ್ಕೆ 6 ಮಾತ್ರ ಕೆಲಸಗಾರ ಕೊಡಬೇಕು, ಅದಕ್ಕಿಂತ ಮೇಲಾದದ್ದನ್ನ ಧಣಿ ಹಾಕ್ಕೋಬೇಕು. ಅವಳ ಮನೆಗೆ ವಾರಕ್ಕೊಂದು ದಿವಸ ಬರೋ ಕೆಲಸದಮ್ಮನ ಸೊಸೆಗೂ ಅವಳ ಅಂಗಡಿಯವರು ಹಾಗೇ ಕಾರ್ಡಿಗೆ ತುಂಬಿಸಿಕೊಡ್ತಾರಂತೆ. ಫೋನ್ ಇಟ್ಟ ತಕ್ಷಣ ಪೆನ್ನು ಹುಡುಕಿದೆ. ನಮ್ಮ ಹುಡುಗಿಯ 19,000ವನ್ನ ಪೂರಾ ಮೂಲ ಸಂಬಳ ಅಂತಲೇ ಇಟ್ಕೊಂಡ್ರೂ ನೂರಕ್ಕೆ 6 ಅಂದ್ರೆ 1,140. ಮಿಕ್ಕ ಎರಡು ಸಾವಿರದ ಆರುನೂರು ಚಿಲ್ಲರೆ ಆಫೀಸಿನವರದ್ದು ಆಗ್ತಿತ್ತು. ನಮ್ಮಲ್ಲಿ ಅದನ್ನ ಯಾರು ಹಾಕ್ತಾರೆ? ಅಪ್ಪ ಅಮ್ಮ ಹಾಕ್ತಾರೆ, ಅದೂ ಬೈದುಕೊಂಡು. ದೊಡ್ಡ ಕಂಪ್ನಿಗಳಿಗಾದ್ರೆ ಗಾಡಿ ಮನೆ ಹತ್ರ ಬರುತ್ತೆ. ಸಣ್ಣ ಆಫೀಸು, ಬಟ್ಟೆ ಅಂಗಡಿ, ಕ್ಲಿನಿಕ್ಕು ಅಂತ ದುಡಿಯೋ ಹುಡುಗೀರದ್ದು ಹೀಗೇ ಸಂಬಳದ ತುದಿ ಕತ್ತರಿಸಿಕೊಂಡು ಹೋಗುತ್ತೆ, ಕತ್ತರಿಸಿದ್ದು ಲೆಕ್ಕಕ್ಕೇ ಬರಲ್ಲ. ಗಂಡು ನೋಡೋಕೆ ಬಂದೋರು "ಹುಡುಗಿಗೆ ಎಷ್ಟು ಬರುತ್ತೆ" ಅಂದಾಗ 19,000 ಅಂತಲೇ ಹೇಳ್ತೀವಿ.

ಮಗಳಿಗೆ ಈ ಆರು ಪರ್ಸೆಂಟ್ ವಿಷಯ ಹೇಳ್ದೆ. ಮೊದಲು ನಕ್ಕಳು. ಆಮೇಲೆ ಒಂದು ಹಾಳೇಲಿ ಬರೆದುಕೊಂಡು ಹೋಗಿ ಅವರ ಸಾರ್ ಹತ್ರ ಕೇಳಿಯೇ ಬಿಟ್ಟಿದಾಳೆ. ಅಷ್ಟು ಧೈರ್ಯ ನಂಗಿರ್ಲಿಲ್ಲ ಆ ವಯಸ್ಸಲ್ಲಿ. "ಇದು ಬ್ರೆಜಿಲ್ ಅಲ್ಲಮ್ಮ" ಅಂದ್ರಂತೆ ಅವರು. ದುಡ್ಡೇನೂ ಜಾಸ್ತಿ ಮಾಡ್ಲಿಲ್ಲ. ಆದ್ರೆ ವಾರ ಕಳೆದ ಮೇಲೆ ಅವರೇ ಕರೆದು, ತಿಂಗಳಿಗೆ ಎರಡು ಶನಿವಾರ ಮನೇಲೇ ಕೂತು ಕೆಲಸ ಮಾಡು, ಲ್ಯಾಪ್‌ಟಾಪ್ ತಗೊಂಡು ಹೋಗು ಅಂದಿದಾರೆ. ಎರಡು ದಿವಸದ ಮೆಟ್ರೋ 259, ಶೇರ್ ಆಟೋ 30, ಒಟ್ಟು 289 ಉಳೀತು. ಮಾರ್ಚ್‌ನಲ್ಲಿ ರಿಟರ್ನ್ ಕೆಲಸ ಜಾಸ್ತಿಯಾದಾಗ ಇದು ನಿಲ್ಲುತ್ತೋ ಏನೋ, ನೋಡ್ಬೇಕು. ಸಂಬಳ ಏರಿಸೋ ಮಾತನ್ನ ಯುಗಾದಿ ಆದ ಮೇಲೆ ಇನ್ನೊಂದ್ಸಲ ಎತ್ತು, ಹಾಳೆ ಬಿಸಾಡ್ಬೇಡ ಅಂತ ಹೇಳಿದೀನಿ.

ಓಡಾಟದ ಪುಟದಲ್ಲಿ ಈ ತಿಂಗಳು ಅವಳ ಕಾರ್ಡಿಗೆ 3,108 ಅಂತ ಬರೆದಾಗಿದೆ, ಮಗಂದು 5,300, ನಮ್ಮಿಬ್ಬರದ್ದು ಸೇರಿ 600. ಅದರಲ್ಲಿ ನಂದು 80 ದಾಟಲ್ಲ. ಬೆಳಿಗ್ಗೆ ದಿನಾ ಸ್ಟೇಷನ್ನಿಗೆ ನಡೆಯೋದ್ರಿಂದ ಅವಳ ಚಪ್ಪಲಿ ಎರಡು ತಿಂಗಳಿಗೆ ಸವೆದು ಹೋಗ್ತಿದೆ, ಶೂ ಬೇಕಂತೆ, 1,200 ಅಂತೆ. ಅದನ್ನ ಬಟ್ಟೆಬರೆ ಪುಟಕ್ಕೆ ಹಾಕ್ಬೇಕೋ ಓಡಾಟಕ್ಕೋ ಅಂತ ನಮ್ಮನೆಯವರು ಕೇಳಿದ್ರು. ಓಡಾಟಕ್ಕೇ ಬರೆದೆ.